‘ರೇಸಿಸಂ ತಪ್ಪು’ ಅಂದಾದ ಮೇಲೆ ತರಗತಿಯಲ್ಲಿ ಮಾತಾಡಲು ಏನು ಉಳಿಯಿತು?

ಪ್ರಶ್ನೆ: ನಮಸ್ಕಾರ ಸರ್. ಮದುವೆಯಾಗಿ ಅಮೆರಿಕಕ್ಕೆ ಬಂದವಳು ನಾನು. ಇಲ್ಲೇ ಓದಿ, ಟೀಚಿಂಗ್ ಲೈಸೆನ್ಸ್ ತೆಗೆದುಕೊಂಡು, ಈಗ ಒಂದು ಪಬ್ಲಿಕ್ ಹೈಸ್ಕೂಲಿನಲ್ಲಿ ಒಂಬತ್ತನೇ ತರಗತಿಗೆ ಇಂಗ್ಲಿಷ್ ಕಲಿಸುತ್ತಿದ್ದೇನೆ. ಈ ಸಲ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಪಾಠಕ್ಕಿದೆ. ಟಾಮ್ ರಾಬಿನ್ಸನ್ ವಿಚಾರಣೆಯ ಭಾಗ ಮುಗಿದ ದಿನ ಚರ್ಚೆ ಇಟ್ಟುಕೊಂಡೆ. ಹತ್ತು ನಿಮಿಷಕ್ಕೇ ಮುಗಿದುಹೋಯಿತು. ‘ರೇಸಿಸಂ ತಪ್ಪು, ಆಟಿಕಸ್ ಗ್ರೇಟ್, ಆಗಿನ ಕಾಲ ಹಾಗಿತ್ತು’ ಅಂದರು, ಅಷ್ಟೇ. ಅದಕ್ಕೂ ಮೊದಲು ಒಬ್ಬ ಹುಡುಗ ಗಟ್ಟಿಯಾಗಿ ಓದುವಾಗ ಎನ್-ವರ್ಡ್, ಅಂದರೆ ಕಪ್ಪು ಜನರನ್ನು ಹೀನಾಯವಾಗಿ ಕರೆಯುವ ಬೈಗುಳ, ಬಂತು. ಹಾಗೇ ಓದಿಬಿಟ್ಟು ಕಿಸಕ್ಕನೆ ನಕ್ಕ. ತರಗತಿಯಲ್ಲಿ ಕಪ್ಪು ಮಕ್ಕಳು ಇಬ್ಬರೇ. ಎಲ್ಲರೂ ಅವರ ಕಡೆ ತಿರುಗಿದರು. ಚರ್ಚೆಯಲ್ಲಿ ಅವರಲ್ಲೊಬ್ಬಳಿಗೆ ‘ನಿನಗೇನನ್ನಿಸಿತು?’ ಅಂತ ಕೇಳಿದೆ. ‘ಏನಿಲ್ಲ’ ಅಂದಳು. ಮಾರನೇ ದಿನ ಅವಳ ಅಮ್ಮನ ಇಮೇಲ್ ಬಂತು: ಈ ಪುಸ್ತಕವನ್ನು ಇನ್ನೂ ಯಾಕೆ ಹಿಡಿದುಕೊಂಡಿದ್ದೀರಿ, ಬೇರೆ ಯಾವುದೂ ಇಲ್ಲವೇ ಅಂತ. ಸಹೋದ್ಯೋಗಿಯೊಬ್ಬರು ‘ಎಷ್ಟೋ ಕಡೆ ಬ್ಯಾನ್ ಆಗಿದೆ, ಸುಮ್ನೆ ತಲೆನೋವು ಯಾಕೆ, ಬಿಟ್ಟುಬಿಡಿ’ ಅನ್ನುತ್ತಾರೆ. ಬಿಟ್ಟುಬಿಡಲೇ? ಆ ಪದವನ್ನು ಏನು ಮಾಡಲಿ? ಬಿಳಿಯಳೂ ಅಲ್ಲದ, ಕಪ್ಪೂ ಅಲ್ಲದ ನಾನು ಈ ಪಾಠ ಮಾಡುವುದು ಸರಿಯೇ? ಕೊನೆಗೆ ಸಿನಿಮಾ ತೋರಿಸಬಹುದೇ?

ಉತ್ತರ: ನೀವು ಕೇಳಿರುವುದು ನಾಲ್ಕೈದು ಪ್ರಶ್ನೆ. ಆದರೆ ಕೆಳಗಿರುವ ಆತಂಕ ಒಂದೇ ಅಂತ ನನಗನ್ನಿಸಿತು. ಬಹುಪಾಲು ಮಕ್ಕಳಿಗೆ ಈ ಪಾಠದಿಂದ ಏನೂ ಸಿಗಲಿಲ್ಲ, ಇಬ್ಬರಿಗೆ ಮಾತ್ರ ನೋವಾಯಿತು, ಅಲ್ವಾ? ಆ ಆತಂಕ ಸುಳ್ಳಲ್ಲ. ಈ ಕಾದಂಬರಿಯನ್ನು ನಾನು ಬಹಳ ವರ್ಷ ಕಲಿಸಿದ್ದೇನೆ. ಬೇರೆಯವರು ಕಲಿಸುವಾಗ ಹಿಂದಿನ ಬೆಂಚಿನಲ್ಲಿ ಕೂತು ನೋಡಿದ್ದೇನೆ. ನಿಮ್ಮ ತರಗತಿಯಲ್ಲಿ ಆದದ್ದು ಹೆಚ್ಚುಕಡಿಮೆ ಎಲ್ಲ ಕಡೆಯೂ ಆಗುತ್ತದೆ. ಅದಕ್ಕೆ ಕಾರಣ ಮಕ್ಕಳ ಸೋಮಾರಿತನವೂ ಅಲ್ಲ, ನಿಮ್ಮ ಮೂಲವೂ ಅಲ್ಲ. ನಾವು ಕೇಳುವ ಪ್ರಶ್ನೆ.

ಪುಸ್ತಕ ಓದಿರದವರಿಗೆ ಕಥೆ ಎರಡು ಮಾತಿನಲ್ಲಿ. ಹಾರ್ಪರ್ ಲೀ ಬರೆದ ಈ ಕಾದಂಬರಿ ಬಂದದ್ದು 1960ರಲ್ಲಿ. ನಡೆಯುವುದು 1930ರ ದಶಕದ ಅಲಬಾಮಾದ ಮೇಕೂಮ್ ಎಂಬ ಕಾಲ್ಪನಿಕ ಊರಿನಲ್ಲಿ. ಟಾಮ್ ರಾಬಿನ್ಸನ್ ಎಂಬ ಕಪ್ಪು ಕೂಲಿಯ ಮೇಲೆ ಮೇಯೆಲಾ ಎಂಬ ಬಿಳಿ ಹುಡುಗಿಯ ಅತ್ಯಾಚಾರದ ಸುಳ್ಳು ಆರೋಪ ಬರುತ್ತದೆ. ಆಟಿಕಸ್ ಫಿಂಚ್ ಎಂಬ ಬಿಳಿ ವಕೀಲ ಟಾಮ್ ಪರ ವಾದಿಸುತ್ತಾನೆ. ಮೇಯೆಲಾಳ ಮುಖದ ಬಲಭಾಗಕ್ಕೆ ಪೆಟ್ಟು ಬಿದ್ದಿದೆ, ಅಂದರೆ ಹೊಡೆದವನು ಎಡಚ. ಟಾಮ್‌ನ ಎಡಗೈ ಹತ್ತಿ ಬಿಡಿಸುವ ಯಂತ್ರಕ್ಕೆ ಸಿಕ್ಕಿ ಊನವಾಗಿದೆ. ಎಡಚ ಯಾರಪ್ಪಾ ಅಂದರೆ ಅವಳ ಅಪ್ಪ ಬಾಬ್ ಯೂವೆಲ್. ಎಲ್ಲರಿಗೂ ಕಾಣುವ ಸತ್ಯ ಇದು. ಆದರೂ ಜ್ಯೂರಿ, ಅಂದರೆ ತೀರ್ಪು ಹೇಳಲು ಕೂರಿಸಿದ ಹನ್ನೆರಡು ಸಾಮಾನ್ಯ ನಾಗರಿಕರು, ಟಾಮ್ ತಪ್ಪಿತಸ್ಥ ಅನ್ನುತ್ತದೆ. ಇದನ್ನೆಲ್ಲ ಹೇಳುವವಳು ಆಟಿಕಸ್‌ನ ಪುಟ್ಟ ಮಗಳು ಸ್ಕೌಟ್.

ಈಗ ನಿಮ್ಮ ಚರ್ಚೆಗೆ ಬರೋಣ. ‘ಇದು ನ್ಯಾಯವೇ? ನಿಮಗೆ ಏನನ್ನಿಸಿತು?’ ಅಂತ ಕೇಳಿದರೆ ಹದಿನಾಲ್ಕು ವರ್ಷದ ಮಗು ಏನು ಹೇಳಬೇಕು? ಸರಿಯುತ್ತರ ಒಂದೇ ಇದೆ, ಅದು ಎಲ್ಲರಿಗೂ ಗೊತ್ತಿದೆ. ಬಿಳಿ ಮಕ್ಕಳಿಗೆ ಅದು ತಾವು ಒಳ್ಳೆಯವರು ಅಂತ ತೋರಿಸಿಕೊಳ್ಳುವ ಪರೀಕ್ಷೆ. ಬೇಗ ಉತ್ತರ ಒಪ್ಪಿಸಿ ಪಾರಾಗುತ್ತಾರೆ. ಕಪ್ಪು ಮಕ್ಕಳಿಗೆ ಅದು ಸಾಕ್ಷಿ ಹೇಳುವ ಕಟಕಟೆ. ಉಳಿದವರು ಯಾವ ಕಡೆ ಕೂರಬೇಕು ಅಂತ ತಿಳಿಯದೆ ಮೇಜು ನೋಡುತ್ತಾರೆ. ಹತ್ತು ನಿಮಿಷ ನಡೆದದ್ದೇ ದೊಡ್ಡದು.

ತಮಾಷೆ ಏನೆಂದರೆ, ಇಂಥದ್ದೇ ಒಂದು ತರಗತಿ ಕಾದಂಬರಿಯ ಒಳಗೇ ಇದೆ. 26ನೇ ಅಧ್ಯಾಯ. ವರದಿ ಓದುವ ಪೀರಿಯಡ್‌ನಲ್ಲಿ ಒಬ್ಬ ಹುಡುಗ ಹಿಟ್ಲರ್ ಯಹೂದಿಗಳಿಗೆ ಕೊಡುತ್ತಿರುವ ಕಾಟದ ಸುದ್ದಿ ತರುತ್ತಾನೆ. ಟೀಚರ್ ಮಿಸ್ ಗೇಟ್ಸ್ ಬೋರ್ಡಿನ ಮೇಲೆ ‘ಡೆಮಾಕ್ರಸಿ’ ಅಂತ ದೊಡ್ಡದಾಗಿ ಬರೆದು, ನಮ್ಮ ದೇಶದಲ್ಲಿ ನಾವು ಯಾರನ್ನೂ ಹಿಂಸಿಸುವುದಿಲ್ಲ ಅಂತ ಪಾಠ ಮಾಡುತ್ತಾರೆ. ಮಕ್ಕಳೆಲ್ಲ ಒಪ್ಪುತ್ತಾರೆ. ಆದರೆ ಟಾಮ್ ವಿಚಾರಣೆ ಮುಗಿದ ರಾತ್ರಿ ಕೋರ್ಟಿನ ಮೆಟ್ಟಿಲಿಳಿಯುವಾಗ ಅದೇ ಟೀಚರ್, ಈ ಕಪ್ಪು ಜನರಿಗೆ ಯಾರಾದರೂ ಬುದ್ಧಿ ಕಲಿಸಬೇಕಿತ್ತು, ತೀರಾ ಹೆಚ್ಚಿಕೊಂಡಿದ್ದರು ಅಂದದ್ದನ್ನು ಸ್ಕೌಟ್ ಕೇಳಿಸಿಕೊಂಡಿದ್ದಾಳೆ. ದೂರದ ಅನ್ಯಾಯಕ್ಕೆ ಮರುಗುವ ಹೆಂಗಸು ಮನೆಮುಂದಿನದಕ್ಕೆ ಯಾಕೆ ಹೀಗೆ ಅಂತ ಅವಳಿಗೆ ಅರ್ಥವಾಗುವುದಿಲ್ಲ. ಹೆಚ್ಚಿನ ಟೀಚರ್‌ಗಳು ವಿಚಾರಣೆ ಮುಗಿದ ಸುಸ್ತಿನಲ್ಲಿ ಈ ಅಧ್ಯಾಯವನ್ನು ಹಾರಿಸಿಬಿಡುತ್ತಾರೆ. ನನ್ನ ಪ್ರಕಾರ ನೀವು ಮುಂದಿನ ಪೀರಿಯಡ್ ಶುರುಮಾಡಬೇಕಾದ್ದೇ ಇಲ್ಲಿಂದ. ಮಿಸ್ ಗೇಟ್ಸ್ ತರಗತಿಯಲ್ಲಿ ಆ ದಿನ ಯಾವ ಪ್ರಶ್ನೆ ಯಾರೂ ಕೇಳಲಿಲ್ಲ? ಇದನ್ನು ಬರೆಯಿರಿ ಅನ್ನಿ. ಮೊದಲು ಬರೆಯಲಿ, ಆಮೇಲೆ ಮಾತು. ಬರೆಯಲು ಐದು ನಿಮಿಷ ಕೊಟ್ಟರೆ ಬಾಯಿ ಬಿಡದ ಮಕ್ಕಳ ಕೈಯಲ್ಲೂ ಏನಾದರೂ ಇರುತ್ತದೆ.

ಇನ್ನು ವಿಚಾರಣೆ. ‘ಯಾರು ಒಳ್ಳೆಯವರು?’ ಅನ್ನುವ ಪ್ರಶ್ನೆ ಬದಿಗಿಡಿ. ‘ಈ ಕೋರ್ಟು ಹೇಗೆ ನಡೆಯಿತು?’ ಅಂತ ಕೇಳಿ. ಅನ್ಯಾಯವನ್ನು ಮನಸ್ಸಿನ ಕೆಟ್ಟತನ ಅಂತ ನೋಡಿದರೆ ಚರ್ಚೆ ಮುಗಿಯಿತು. ಅದು ಪಟ್ಟಿ, ನಿಯಮ, ಕುರ್ಚಿ, ಸಹಿ ಇವುಗಳಿಂದ ಆದದ್ದು ಅಂತ ನೋಡಿದರೆ ಮಕ್ಕಳಿಗೆ ಹುಡುಕುವುದಕ್ಕೆ ಕೆಲಸ ಸಿಗುತ್ತದೆ. ಯಾರೂ ತಪ್ಪೊಪ್ಪಿಗೆ ಕೊಡಬೇಕಿಲ್ಲ, ಯಾರೂ ಪ್ರತಿನಿಧಿ ಆಗಬೇಕಿಲ್ಲ.

ನಾನು ಮಾಡುವುದು ಹೀಗೆ. ಬೋರ್ಡಿನ ಮೇಲೆ ಹನ್ನೆರಡು ಖಾಲಿ ಚೌಕ ಬರೆಯುತ್ತೇನೆ. ಜ್ಯೂರಿಯ ಕುರ್ಚಿಗಳು. ‘ಮೇಕೂಮ್ ಊರಲ್ಲಿ ನಿಮಗೆ ಗೊತ್ತಿರುವ ಒಳ್ಳೆಯ ಜನರ ಹೆಸರು ಹೇಳಿ, ಕೂರಿಸೋಣ’ ಅನ್ನುತ್ತೇನೆ. ಮಕ್ಕಳು ಉತ್ಸಾಹದಿಂದ ಹೇಳುತ್ತಾರೆ. ಎದುರುಮನೆಯ ಮಿಸ್ ಮೌಡಿ. ಅಡುಗೆ ಮಾಡುವ ಕ್ಯಾಲ್ಪರ್ನಿಯಾ. ಕಪ್ಪು ಜನರ ಚರ್ಚಿನ ಪಾದ್ರಿ ಸೈಕ್ಸ್. ಟಾಮ್‌ಗೆ ಕೆಲಸ ಕೊಟ್ಟಿದ್ದ ಲಿಂಕ್ ಡೀಸ್. ಬರೆದು, ಒಬ್ಬೊಬ್ಬರನ್ನೇ ಅಳಿಸುತ್ತೇನೆ. ಮಿಸ್ ಮೌಡಿ ಹೆಂಗಸು. ಅಲಬಾಮಾದಲ್ಲಿ ಹೆಂಗಸರು ಜ್ಯೂರಿಯಲ್ಲಿ ಕೂರುವಂತಾದದ್ದು 1966ರ ಕೋರ್ಟ್ ತೀರ್ಪಿನ ಮೇಲೆ. ಹೆಂಗಸರು ಜ್ಯೂರಿಯಲ್ಲಿ ಕೂರುವಂತಿಲ್ಲ ಅಂತ ಆಟಿಕಸ್ಸೇ ಮಕ್ಕಳಿಗೆ ಹೇಳುತ್ತಾನೆ, ಪುಟ ಹುಡುಕಿ ಅನ್ನುತ್ತೇನೆ. ಕ್ಯಾಲ್ಪರ್ನಿಯಾ ಎರಡು ಕಾರಣಕ್ಕೆ ಇಲ್ಲ, ಹೆಂಗಸು, ಜೊತೆಗೆ ಕಪ್ಪು. ಸೈಕ್ಸ್ ಗಂಡಸು, ಓದಿದವನು, ಊರಿಗೆ ಬೇಕಾದವನು. ಅವನು ಯಾಕಿಲ್ಲ? ಲಿಂಕ್ ಡೀಸ್ ಇಲ್ಲ, ಯಾಕೆಂದರೆ ಪೇಟೆಯ ಜನ ಜ್ಯೂರಿಯಿಂದ ತಪ್ಪಿಸಿಕೊಳ್ಳುತ್ತಾರೆ. ಅದಕ್ಕೂ ಪುಸ್ತಕದಲ್ಲೇ ಸಾಕ್ಷಿ ಇದೆ. ಕೊನೆಗೆ ಬೋರ್ಡಿನ ಮೇಲೆ ಒಂದೂ ಹೆಸರು ಉಳಿಯುವುದಿಲ್ಲ. ತರಗತಿ ಮೌನವಾಗುವುದು ಇಲ್ಲೂ ಇದೆ. ಆದರೆ ಇದು ಬೇರೆ ಥರದ್ದು. ಸ್ವಲ್ಪ ಹೊತ್ತಿಗೆ ಯಾರಾದರೂ ಕೇಳಿಯೇ ಕೇಳುತ್ತಾರೆ: ಸೈಕ್ಸ್‌ನನ್ನು ಬೇಡ ಅಂದದ್ದು ಯಾರು?

ಆಗ ಸ್ಕಾಟ್ಸ್‌ಬರೊ ಎಂಬ ನಿಜವಾದ ಪ್ರಕರಣ ತೆಗೆಯಿರಿ. 1931ರ ಮಾರ್ಚ್‌ನಲ್ಲಿ ಗೂಡ್ಸ್ ರೈಲಿನಲ್ಲಿ ಹೋಗುತ್ತಿದ್ದ 9 ಕಪ್ಪು ಹುಡುಗರನ್ನು ಅಲಬಾಮಾದಲ್ಲಿ ಹಿಡಿದರು. ಇಬ್ಬರು ಬಿಳಿ ಯುವತಿಯರು ಅತ್ಯಾಚಾರದ ಆರೋಪ ಮಾಡಿದರು. ಬಿಳಿಯರೇ ತುಂಬಿದ್ದ ಜ್ಯೂರಿಗಳು ಕೆಲವೇ ದಿನಗಳಲ್ಲಿ ಎಂಟು ಮಂದಿಯನ್ನು ಮರಣದಂಡನೆಗೆ ಕಳಿಸಿದವು. 1933ರಲ್ಲಿ ಆ ಯುವತಿಯರಲ್ಲಿ ಒಬ್ಬಳು, ರೂಬಿ ಬೇಟ್ಸ್, ಹಾಗೇನೂ ನಡೆದಿಲ್ಲ ಅಂತ ಕೋರ್ಟಿನಲ್ಲೇ ಹೇಳಿದಳು. ಜ್ಯೂರಿ ಆಗಲೂ ತಪ್ಪಿತಸ್ಥ ಅಂದಿತು. ಆ ತೀರ್ಪನ್ನು ತಳ್ಳಿಹಾಕಿದ ಜಡ್ಜ್ ಜೇಮ್ಸ್ ಹಾರ್ಟನ್ ಮುಂದಿನ ವರ್ಷದ ಚುನಾವಣೆಯಲ್ಲಿ ಸೋತರು. ಹುಡುಗರಲ್ಲೊಬ್ಬನ ಪ್ರಕರಣ 1935ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ‘ನಾರಿಸ್ ವಿರುದ್ಧ ಅಲಬಾಮಾ’. ಕಾನೂನಿನಲ್ಲಿ ಕಪ್ಪು ಜನ ಜ್ಯೂರಿಗೆ ಬರಬಾರದು ಅಂತ ಎಲ್ಲೂ ಇರಲಿಲ್ಲ. ಪ್ರಾಮಾಣಿಕ, ಬುದ್ಧಿವಂತ ಅಂತ ಹೆಸರಿರುವ ಗಂಡಸರನ್ನು ಆರಿಸಬೇಕು ಅಂತಿತ್ತು. ಆರಿಸುವವರು ಬಿಳಿಯರು. ಅವರಿಗೆ ಅಂಥ ಕಪ್ಪು ಮನುಷ್ಯ ಒಬ್ಬನೂ ಕಣ್ಣಿಗೆ ಬಿದ್ದಿರಲಿಲ್ಲ. ಪ್ರಕರಣ ಎದ್ದ ಮೇಲೆ ಜ್ಯೂರಿ ಪಟ್ಟಿಯ ಪುಸ್ತಕದಲ್ಲಿ ಕೆಲವು ಕಪ್ಪು ಹೆಸರುಗಳು ಕಾಣಿಸಿಕೊಂಡವು. ಆಮೇಲೆ ತುರುಕಿದ್ದು ಅಂತ ಹುಡುಗರ ವಕೀಲ ಲೀಬೊವಿಟ್ಸ್ ವಾದಿಸಿದರು. ಪುಸ್ತಕವನ್ನೇ ವಾಷಿಂಗ್ಟನ್‌ಗೆ ತಂದರು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳು ಭೂತಗನ್ನಡಿ ಹಿಡಿದು ಆ ಪುಟಗಳನ್ನು ನೋಡಿದರು. ಈ ಒಂದು ದೃಶ್ಯ ಹೇಳಿ ಸಾಕು. ಹುಡುಗರ ತಲೆಯಲ್ಲಿ ಕೂತುಬಿಡುತ್ತದೆ.

ಆ ತೀರ್ಪು ಬಂದದ್ದು 1935ರ ಏಪ್ರಿಲ್‌ನಲ್ಲಿ. ಸ್ಕೌಟ್‌ಳ ವಯಸ್ಸಿನ ಲೆಕ್ಕ ಹಾಕಿದರೆ ಟಾಮ್ ವಿಚಾರಣೆ 1935ರ ಬೇಸಿಗೆಯಲ್ಲಿ. ಹಾಗಾದರೆ ಆಟಿಕಸ್ ಜ್ಯೂರಿಯನ್ನೇ ಯಾಕೆ ಪ್ರಶ್ನಿಸಲಿಲ್ಲ? ಕಾದಂಬರಿ ಇತಿಹಾಸದ ಪುಸ್ತಕ ಅಲ್ಲ, ಲೇಖಕಿ ಅದನ್ನು ಯೋಚಿಸಿರಲೇಬೇಕು ಅಂತಿಲ್ಲ. ಆದರೆ ಮಕ್ಕಳಿಗೆ ಇದು ಅದ್ಭುತ ಪ್ರಶ್ನೆ. ಆಟಿಕಸ್ ಒಳ್ಳೆಯವನೋ ಕೆಟ್ಟವನೋ ಅನ್ನುವುದಕ್ಕಿಂತ, ಅವನು ಏನು ಮಾಡಿದ, ಏನು ಮಾಡಲಿಲ್ಲ ಅಂತ ಪುಟ ತಿರುವಿ ನೋಡುವಂತೆ ಮಾಡುತ್ತದೆ.

ಇಲ್ಲಿ ಒಂದು ಮಾತು. ಆಟಿಕಸ್‌ನನ್ನು ದೇವರು ಮಾಡುವುದೂ ಬೇಡ, ಈಗಿನ ಫ್ಯಾಷನ್ನಿನಂತೆ ಖಳನಾಯಕ ಮಾಡುವುದೂ ಬೇಡ. 1992ರಲ್ಲಿ ಮನ್ರೋ ಫ್ರೀಡ್‌ಮನ್ ಎಂಬ ಕಾನೂನು ಪ್ರಾಧ್ಯಾಪಕರು ಅವನ ಮೇಲೆ ಕಟುವಾಗಿ ಬರೆದರು. ಈ ಕೇಸ್ ಅವನು ತಾನಾಗಿ ತೆಗೆದುಕೊಂಡದ್ದಲ್ಲ, ಕೋರ್ಟು ಒಪ್ಪಿಸಿದ್ದು. ಊರಿನ ವ್ಯವಸ್ಥೆ ಬದಲಿಸಲು ಅವನು ಎಂದೂ ಕೈ ಹಾಕಿದವನಲ್ಲ. ವಕೀಲರು ಕೆರಳಿದರು. ಅಲಬಾಮಾದ ವಕೀಲರ ಸಂಘ 1997ರಲ್ಲಿ ಹಾರ್ಪರ್ ಲೀ ಊರಾದ ಮನ್ರೋವಿಲ್‌ನಲ್ಲಿ ಆಟಿಕಸ್‌ಗೆ ಸ್ಮಾರಕವನ್ನೇ ನಿಲ್ಲಿಸಿತು. ಕಥೆಯ ಪಾತ್ರಕ್ಕೆ! ಎರಡೂ ಕಡೆಯ ವಾದಕ್ಕೆ ಪುಸ್ತಕದಲ್ಲೇ ಸಾಕ್ಷಿ ಇದೆ. ಜೈಲಿನ ಬಾಗಿಲಲ್ಲಿ ಕೂತು, ಟಾಮ್‌ನನ್ನು ಕೊಲ್ಲಲು ಬಂದ ಗುಂಪನ್ನು ತಡೆದವನೂ ಅವನೇ. ಕಪ್ಪು ಜನರ ಮೇಲೆ ಹಿಂಸೆ ನಡೆಸಿದ ಬಿಳಿಯರ ಗುಂಪು ಕು ಕ್ಲಕ್ಸ್ ಕ್ಲಾನ್ ಅಂದರೆ ಹಿಂದೊಂದು ಕಾಲದ ರಾಜಕೀಯ ಸಂಘಟನೆ ಅಷ್ಟೇ ಅಂತ ಮಗನಿಗೆ ಹೇಳುವವನೂ ಅವನೇ. ಇನ್ನೊಂದು ಇದೆ. ಬೇರೆಯವರ ಚರ್ಮದೊಳಗೆ ಹೊಕ್ಕು ನೋಡಬೇಕು ಅನ್ನುವ ಅವನ ಮಾತು ಪ್ರತಿ ಶಾಲೆಯ ಗೋಡೆಯ ಮೇಲಿದೆ. ಅವನು ಬಾಬ್ ಯೂವೆಲ್‌ನನ್ನೂ ಹಾಗೇ ನೋಡುತ್ತಾನೆ. ನನ್ನ ಮುಖಕ್ಕೆ ಉಗುಳಿ ಸಿಟ್ಟು ತೀರಿಸಿಕೊಂಡ, ಇನ್ನೇನೂ ಮಾಡಲಾರ ಅಂತ ಮಕ್ಕಳಿಗೆ ಧೈರ್ಯ ಹೇಳುತ್ತಾನೆ. ಆ ಲೆಕ್ಕ ಪೂರ್ತಿ ತಪ್ಪಾಗುತ್ತದೆ. ಯೂವೆಲ್ ಚಾಕು ಹಿಡಿದು ಬರುವುದು ಆ ಮಕ್ಕಳ ಮೇಲೆಯೇ. ಸಹಾನುಭೂತಿಯಿಂದ ಎಲ್ಲ ಸರಿಹೋಗುತ್ತದೆ ಅಂತ ಈ ಪುಸ್ತಕ ಹೇಳುತ್ತದೆ ಅನ್ನುವವರಿಗೆ ಈ ಅಧ್ಯಾಯ ತೋರಿಸಿ.

ಆ ತಾಯಿಯ ಇಮೇಲ್‌ನಲ್ಲಿರುವ ಆಕ್ಷೇಪ ನಿಜಕ್ಕೂ ಇಲ್ಲಿಗೆ ಸಂಬಂಧಿಸಿದ್ದು. ಕಪ್ಪು ಮನುಷ್ಯನ ಮೇಲಿನ ಅನ್ಯಾಯದ ಕಥೆಯಲ್ಲಿ ಕಪ್ಪು ಮನುಷ್ಯ ಎಷ್ಟು ಮಾತಾಡುತ್ತಾನೆ? ಟಾಮ್ ಬಾಯಿ ಬಿಡುವುದು ಹೆಚ್ಚಾಗಿ ಒಂದೇ ಅಧ್ಯಾಯದಲ್ಲಿ, ಅದೂ ವಕೀಲರ ಪ್ರಶ್ನೆಗೆ ಉತ್ತರವಾಗಿ. ಅವನ ಹೆಂಡತಿ ಹೆಲೆನ್‌ಳ ದುಃಖ ನಮಗೆ ಸಿಗುವುದು ಒಂದು ಬಿಳಿ ಹುಡುಗ ಕಂಡು ಬಂದು ಹೇಳಿದಷ್ಟೇ. ಈ ಆಕ್ಷೇಪವನ್ನು ಪುಸ್ತಕದ ಹೊರಗಿನ ಗಲಾಟೆ ಅಂತ ತಿಳಿಯಬೇಡಿ. ಅದೇ ನಿಮ್ಮ ಒಳ್ಳೆಯ ಪಾಠ. ಟಾಮ್ ಬಗ್ಗೆ ನಮಗೆ ಗೊತ್ತಿರುವುದನ್ನೆಲ್ಲ ಪಟ್ಟಿ ಮಾಡಿ ಅಂತ ಕೊಡಿ. 25 ವರ್ಷ, ಮೂರು ಮಕ್ಕಳು, ಊನವಾದ ಕೈ, ಚರ್ಚು, ಲಿಂಕ್ ಡೀಸ್‌ನ ಹೊಲ. ಅಲ್ಲಿಗೆ ಪಟ್ಟಿ ನಿಂತುಬಿಡುತ್ತದೆ. ಮುಂದೆ ಅವನು ಜೈಲಿನ ಬೇಲಿ ಹತ್ತಿ ಓಡಲು ಹೋಗಿ 17 ಗುಂಡು ತಿಂದು ಸಾಯುತ್ತಾನೆ. ಅಪೀಲಿನಲ್ಲಿ ಗೆಲ್ಲುವ ಅವಕಾಶ ಇತ್ತು ಅನ್ನುವ ಆಟಿಕಸ್, ಬಿಳಿಯರ ಅವಕಾಶಗಳನ್ನು ನಂಬಿ ನಂಬಿ ಟಾಮ್‌ಗೆ ಸಾಕಾಗಿತ್ತು ಅನ್ನಿಸುತ್ತೆ ಅನ್ನುತ್ತಾನೆ. ಆದರೆ ಟಾಮ್ ಏನು ಯೋಚಿಸಿದ ಅಂತ ಪುಸ್ತಕ ನಮಗೆ ಹೇಳುವುದೇ ಇಲ್ಲ.

ಮತ್ತೆ ಆ ಹಕ್ಕಿ. ಯಾರಿಗೂ ತೊಂದರೆ ಕೊಡದೆ ಹಾಡುವ ಮಾಕಿಂಗ್‌ಬರ್ಡ್ ಕೊಲ್ಲುವುದು ಪಾಪ ಅನ್ನುವ ಸಂಕೇತದ ಮೇಲೆ ಪ್ರತಿ ವರ್ಷ ಲಕ್ಷಾಂತರ ಪ್ರಬಂಧ ಬರುತ್ತವೆ. ನನಗೆ ಅವನ್ನು ಓದಿ ಸಾಕಾಗಿದೆ. ಒಂದೇ ಪ್ರಶ್ನೆ ಸೇರಿಸಿ: ಟಾಮ್ ಸಾಧು ಅಲ್ಲದಿದ್ದರೆ? ಸಿಡುಕನಾಗಿದ್ದರೆ, ಸಾಲ ಮಾಡಿದ್ದರೆ, ಕುಡಿಯುತ್ತಿದ್ದರೆ, ಮೇಯೆಲಾ ಮೇಲೆ ಕನಿಕರ ಬರದಿದ್ದರೆ? ನ್ಯಾಯ ಸಿಗಬೇಕಾದರೆ ಮನುಷ್ಯ ಹಕ್ಕಿಯಷ್ಟು ನಿರುಪದ್ರವಿ ಆಗಿರಲೇಬೇಕೇ? ಈ ಪ್ರಶ್ನೆಗೆ ಸುಮ್ಮನಿದ್ದ ಮಕ್ಕಳು ಮಾತಾಡುವುದನ್ನು ನಾನು ಕಂಡಿದ್ದೇನೆ.

‘ಆಗಿನ ಕಾಲ ಹಾಗಿತ್ತು’ ಅನ್ನುವ ಮಾತಿಗೆ ಉಪದೇಶ ಬೇಡ, ಒಂದು ಪ್ರಕರಣ ಸಾಕು. ಅದೇ ಮನ್ರೋವಿಲ್‌ನಲ್ಲಿ ಹಳೇ ಕೋರ್ಟು ಈಗ ಮ್ಯೂಸಿಯಂ. ಊರಿನವರೇ ಈ ಕಾದಂಬರಿಯನ್ನು ನಾಟಕ ಆಡುತ್ತಾರೆ. ಅದೇ ಊರಿನಲ್ಲಿ 1986ರಲ್ಲಿ ಬಿಳಿ ಯುವತಿಯೊಬ್ಬಳ ಕೊಲೆಯಾಯಿತು. 1987ರಲ್ಲಿ ವಾಲ್ಟರ್ ಮ್ಯಾಕ್‌ಮಿಲಿಯನ್ ಎಂಬ ಕಪ್ಪು ಮನುಷ್ಯನನ್ನು ಹಿಡಿದರು. ಕೊಲೆಯ ಹೊತ್ತಿಗೆ ಅವನು ಮನೆಯಲ್ಲಿ ನೆಂಟರಿಷ್ಟರ ನಡುವೆ ಇದ್ದ. ಹಾಗೆಂದು ಹೇಳಿದ ಸಾಕ್ಷಿಗಳೆಲ್ಲ ಕಪ್ಪು ಜನ. ಅವರನ್ನು ನಂಬಲಿಲ್ಲ. ಬಿಳಿಯರೇ ಜಾಸ್ತಿ ಇದ್ದ ಜ್ಯೂರಿ ಜೀವಾವಧಿ ಸಾಕು ಅಂದರೂ ಜಡ್ಜ್ ಅದನ್ನು ಮೀರಿ ಮರಣದಂಡನೆ ಕೊಟ್ಟರು. ಬ್ರಯಾನ್ ಸ್ಟೀವನ್ಸನ್ ಎಂಬ ಕಪ್ಪು ವಕೀಲರು ಹೋರಾಡಿ 1993ರಲ್ಲಿ ಅವನನ್ನು ಬಿಡಿಸಿದರು. ಜಡ್ಜ್ ಹಾಗೆ ಜ್ಯೂರಿಯನ್ನು ಮೀರುವ ಅಧಿಕಾರವನ್ನು ಅಲಬಾಮಾ ತೆಗೆದದ್ದು 2017ರಲ್ಲಿ. ಇನ್ನು ಜ್ಯೂರಿ ವಿಷಯಕ್ಕೇ ಬಂದರೆ, ಬಣ್ಣ ನೋಡಿ ಹೊರಗಿಡಬಾರದು ಅಂತ ಸುಪ್ರೀಂ ಕೋರ್ಟು 1880ರಲ್ಲಿ ಹೇಳಿತು, 1935ರಲ್ಲಿ ಹೇಳಿತು, 1986ರಲ್ಲಿ ಇನ್ನೊಂದು ರೂಪದಲ್ಲಿ ಹೇಳಬೇಕಾಯಿತು. ಮೂರು ಇಸವಿಗಳನ್ನು ಬೋರ್ಡಿನ ಮೇಲೆ ಬರೆದು, ಒಂದೇ ಮಾತನ್ನು ಯಾಕೆ ಮೂರು ಸಲ ಹೇಳಬೇಕಾಯಿತು ಅಂತ ಕೇಳಿ. ನೀವು ಏನೂ ಸೇರಿಸಬೇಕಿಲ್ಲ.

ಆ ಪದದ ಬಗ್ಗೆ ನನ್ನ ನಿಲುವು ಸ್ಪಷ್ಟ. ಪುಟದ ಮೇಲೆ ಇರಲಿ, ಯಾರ ಬಾಯಲ್ಲೂ ಬೇಡ. ನಿಮ್ಮ ಬಾಯಲ್ಲೂ ಬೇಡ. ಗಟ್ಟಿಯಾಗಿ ಓದುವಾಗ ಅಲ್ಲಿ ನಿಂತು ಮುಂದೆ ಹೋಗಿ. ಇದನ್ನು ಪಾಠ ಶುರುವಾಗುವ ಮೊದಲೇ ಎಲ್ಲರಿಗೂ ಹೇಳಬೇಕು. ಕೆಲವು ಟೀಚರ್‌ಗಳು ಇದು ಸತ್ಯ ಮುಚ್ಚಿದಂತೆ ಅನ್ನುತ್ತಾರೆ. ಮುಚ್ಚುವುದು ಅಂದರೆ ಪಠ್ಯವನ್ನೇ ತಿದ್ದುವುದು. 2011ರಲ್ಲಿ ಮಾರ್ಕ್ ಟ್ವೇನ್ ಕಾದಂಬರಿ ‘ಹಕಲ್‌ಬೆರಿ ಫಿನ್’ನಲ್ಲಿ ಆ ಪದ ತೆಗೆದು ‘ಸ್ಲೇವ್’ (ಗುಲಾಮ) ಅಂತ ಹಾಕಿ ಒಂದು ಆವೃತ್ತಿ ತಂದರು. ಅದು ನನಗೆ ಒಪ್ಪಿಗೆ ಇಲ್ಲ. ಮಕ್ಕಳು ಮನಸ್ಸಿನಲ್ಲಿ ಓದಲಿ. ಯಾರು ಆ ಪದ ಆಡುತ್ತಾರೆ, ಯಾರ ಮುಂದೆ ಆಡುತ್ತಾರೆ, ಯಾರು ಎಂದೂ ಆಡುವುದಿಲ್ಲ ಅಂತ ಗುರುತು ಹಾಕಿಕೊಳ್ಳಲಿ. ನಕ್ಕ ಹುಡುಗನನ್ನು ಒಬ್ಬನೇ ಇರುವಾಗ ಕರೆದು ಎರಡು ಮಾತು ಹೇಳಿ. ಆ ವಯಸ್ಸಿನ ನಗು ಬಹಳ ಸಲ ಗಾಬರಿಯದ್ದು. ಆದರೂ ಆದ ಪೆಟ್ಟು ಪೆಟ್ಟೇ ಅಂತ ಅವನಿಗೆ ಗೊತ್ತಾಗಬೇಕು.

ಆ ಹುಡುಗಿಗೆ ನೀವು ಒಂದು ಕ್ಷಮೆ ಕೇಳಬೇಕು. ಚಿಕ್ಕದಾಗಿ, ಯಾರೂ ಇಲ್ಲದಾಗ: ‘ನಿನ್ನನ್ನು ಹಾಗೆ ಎಲ್ಲರೆದುರು ಕೇಳಬಾರದಿತ್ತು.’ ಅಷ್ಟೇ. ಅವಳಿಂದ ಉತ್ತರ ನಿರೀಕ್ಷಿಸಬೇಡಿ. ಅವಳ ಮೌನಕ್ಕೆ ಅರ್ಥ ಕಟ್ಟಲೂ ಹೋಗಬೇಡಿ. ನೋವಿರಬಹುದು, ಬೇಜಾರಿರಬಹುದು, ಆ ದಿನ ನಿದ್ದೆಗೆಟ್ಟಿರಬಹುದು. ಹಾಗೆಯೇ ವಿಚಾರಣೆಯನ್ನು ನಾಟಕ ಆಡಿಸುವುದು, ‘ನೀನೇ ಟಾಮ್ ಅಂದುಕೊಂಡು ಡೈರಿ ಬರೆ’ ಅನ್ನುವುದು, ಇವೆಲ್ಲ ಬೇಡ. ಚಟುವಟಿಕೆ ಪುಸ್ತಕಗಳಲ್ಲಿ ಇವು ಸಿಗುತ್ತವೆ. ಕಟಕಟೆಯಲ್ಲಿ ಯಾವ ಮಗುವನ್ನು ನಿಲ್ಲಿಸುತ್ತೀರಿ ಅಂತ ಯೋಚಿಸಿದರೆ ಸಾಕು, ಯಾಕೆ ಬೇಡ ಅಂತ ತಿಳಿಯುತ್ತದೆ.

‘ಬ್ಯಾನ್’ ವಿಷಯ. ದೇಶದಲ್ಲಿ ಎಲ್ಲೆಡೆ ಇದನ್ನು ನಿಷೇಧಿಸಿದ್ದಾರೆ ಅನ್ನುವುದು ಸುಳ್ಳು. ನಿರ್ಧಾರ ಆಗುವುದು ಶಾಲಾ ಡಿಸ್ಟ್ರಿಕ್ಟ್ ಮಟ್ಟದಲ್ಲಿ. ಕಾರಣಗಳೂ ಒಂದೇ ಅಲ್ಲ. 1966ರಲ್ಲಿ ವರ್ಜೀನಿಯಾದ ಹ್ಯಾನೋವರ್ ಕೌಂಟಿ ಇದನ್ನು ಅನೈತಿಕ ಅಂದಿತು. ಅವರಿಗೆ ಕಂಡದ್ದು ಅತ್ಯಾಚಾರದ ವಿಷಯ. 2017ರಲ್ಲಿ ಮಿಸಿಸಿಪ್ಪಿಯ ಬಿಲಾಕ್ಸಿ ಎಂಟನೇ ತರಗತಿಯ ಪಾಠವನ್ನು ಅರ್ಧಕ್ಕೆ ನಿಲ್ಲಿಸಿತು, ಭಾಷೆಯಿಂದ ಮುಜುಗರ ಅಂತ. 2018ರಲ್ಲಿ ಮಿನಸೋಟದ ಡುಲುತ್ ಕಡ್ಡಾಯ ಪಟ್ಟಿಯಿಂದ ತೆಗೆಯಿತು. 2022ರಲ್ಲಿ ವಾಷಿಂಗ್ಟನ್ ರಾಜ್ಯದ ಮುಕಿಲ್ಟಿಯೊದಲ್ಲಿ ತೆಗೆಯಿರಿ ಅಂದವರು ಟೀಚರ್‌ಗಳೇ. ಕಡ್ಡಾಯ ಬೇಡ, ಬೇಕಾದವರು ಕಲಿಸಲಿ ಅಂತಾಯಿತು. ಕಪ್ಪು ಮಗುವಿಗೆ ನೋವಾಗುತ್ತದೆ ಅನ್ನುವವರೂ, ಬಿಳಿ ಮಗುವಿಗೆ ಮುಜುಗರ ಅನ್ನುವವರೂ ಒಂದೇ ಪುಸ್ತಕ ತೆಗೆಯಿರಿ ಅನ್ನಬಹುದು. ಅವರಿಬ್ಬರಿಗೂ ಒಂದೇ ಉತ್ತರ ಕೊಡಬೇಡಿ.

ನಿಮ್ಮ ಮುಂದಿರುವ ದಾರಿಗಳಲ್ಲಿ ನನಗೆ ಒಪ್ಪಿಗೆಯಾದದ್ದು ಪುಸ್ತಕ ಇಟ್ಟುಕೊಂಡು, ಪಕ್ಕಕ್ಕೆ ಇನ್ನೊಂದು ದನಿ ತರುವುದು. ಮಿಲ್ಡ್ರೆಡ್ ಟೇಲರ್ ಅವರ ‘ರೋಲ್ ಆಫ್ ಥಂಡರ್, ಹಿಯರ್ ಮೈ ಕ್ರೈ’, 1976ರದ್ದು. ಅದೇ 1930ರ ದಶಕ, ಪಕ್ಕದ ಮಿಸಿಸಿಪ್ಪಿ. ಆದರೆ ಹೇಳುವವಳು ಕ್ಯಾಸಿ ಎಂಬ ಕಪ್ಪು ಹುಡುಗಿ. ಮೊದಲ ಅಧ್ಯಾಯ ಒಂದೇ ಸಾಕು. ಕಪ್ಪು ಮಕ್ಕಳ ಶಾಲೆಗೆ ಪಠ್ಯಪುಸ್ತಕ ಬರುತ್ತದೆ. ಕ್ಯಾಸಿಯ ಆರು ವರ್ಷದ ತಮ್ಮ ಖುಷಿಯಿಂದ ರಟ್ಟು ತೆರೆದರೆ ಒಳಗೊಂದು ಪಟ್ಟಿ. ಯಾವ ವರ್ಷ, ಯಾವ ಜನಾಂಗದ ಮಗುವಿಗೆ, ಯಾವ ಸ್ಥಿತಿಯಲ್ಲಿ ಕೊಟ್ಟದ್ದು ಅಂತ. ವರ್ಷಗಟ್ಟಲೆ ಬಿಳಿ ಮಕ್ಕಳು ಓದಿ, ಪುಸ್ತಕ ತೀರಾ ಹಾಳಾದ ಮೇಲೆ ಇವನ ಸಾಲು. ಹುಡುಗ ಪುಸ್ತಕ ನೆಲಕ್ಕೆಸೆದು ಅದರ ಮೇಲೆ ಕುಣಿಯುತ್ತಾನೆ. ಇಲ್ಲೂ ಪಟ್ಟಿ, ಅಲ್ಲೂ ಪಟ್ಟಿ. ಜ್ಯೂರಿ ಪಾಠದ ಪಕ್ಕದಲ್ಲಿ ಇದನ್ನಿಟ್ಟರೆ ಮಕ್ಕಳೇ ಜೋಡಿಸುತ್ತಾರೆ. ಇದರ ಅಪಾಯ ಒಂದೇ, ಸಮಯ. ಎರಡನ್ನೂ ಪೂರ್ತಿ ಮಾಡಲು ಹೋದರೆ ಎರಡೂ ಅರ್ಧವಾಗುತ್ತವೆ.

ಆ ಒಬ್ಬ ಹುಡುಗಿಗೆ ಬೇರೆ ಪುಸ್ತಕ ಕೊಡುವುದು ಸುಲಭ, ಆದರೆ ಉಳಿದವರು ಚರ್ಚಿಸುವಾಗ ಅವಳು ಲೈಬ್ರರಿಯಲ್ಲಿ ಒಬ್ಬಳೇ ಕೂರಬೇಕು. ತಾಯಿಯೇ ಕೇಳಿದರೆ ಕೊಡಿ, ನೀವಾಗಿ ಕಳಿಸಬೇಡಿ. ಪುಸ್ತಕ ಪೂರ್ತಿ ಬದಲಿಸುವುದು ತಪ್ಪೇನಲ್ಲ. ಮುಂದಿನ ವರ್ಷಕ್ಕೆ ವಿಭಾಗದ ಸಭೆಯಲ್ಲಿ ಎತ್ತಿ. ಅರ್ಧದಲ್ಲಿ ನಿಲ್ಲಿಸಿದರೆ ಮಾತ್ರ ಮಕ್ಕಳಿಗೆ ತಲುಪುವ ಸಂದೇಶ, ಮಾತು ಕಷ್ಟವಾದರೆ ಬಿಟ್ಟುಬಿಡಬಹುದು ಅಂತ. ಇನ್ನೊಂದು, ನೀವು ಯಾವ ರಾಜ್ಯ ಅಂತ ಬರೆದಿಲ್ಲ. 2021ರಿಂದ ಒಕ್ಲಹೋಮ, ಟೆಕ್ಸಸ್, ಟೆನೆಸ್ಸಿಯಂಥ ಹಲವು ರಾಜ್ಯಗಳಲ್ಲಿ ಜನಾಂಗದ ವಿಷಯ ಹೇಗೆ ಕಲಿಸಬಾರದು ಅಂತ ಕಾನೂನು ಬಂದಿವೆ. ನಿಮ್ಮಲ್ಲಿ ಇದ್ದರೆ ಅದರ ಪಠ್ಯವನ್ನು ನೀವೇ ಓದಿ, ಸ್ಟಾಫ್ ರೂಮಿನ ಮಾತು ನಂಬಬೇಡಿ. ಪಾಠದ ಯೋಜನೆ ಬರೆದಿಟ್ಟು, ವಿಭಾಗದ ಮುಖ್ಯಸ್ಥರಿಗೆ ಮೊದಲೇ ಕಳಿಸಿ. ಕೋರ್ಟು ತೀರ್ಪು, ಇಸವಿ, ಕಾದಂಬರಿಯ ಪುಟ, ಇವುಗಳ ಮೇಲೆ ನಿಂತ ಪಾಠವನ್ನು ಸಮರ್ಥಿಸುವುದು ಸುಲಭ.

ತಾಯಿಗೆ ಬರೆಯುವಾಗ ಪುಸ್ತಕವನ್ನು ಹೊಗಳಲು ಹೋಗಬೇಡಿ. ತರಗತಿಯಲ್ಲಿ ಆದದ್ದು ಏನು, ನೀವು ಬದಲಿಸುತ್ತಿರುವುದು ಏನು, ಆ ಪದ ಇನ್ನು ಕೇಳಿಸುವುದಿಲ್ಲ, ಜೊತೆಗೆ ಯಾವ ಪುಸ್ತಕ ಬರುತ್ತಿದೆ. ನಾಲ್ಕು ಸಾಲು. ‘ನಿಮ್ಮ ಆಕ್ಷೇಪ ಸರಿಯಾದದ್ದು, ಅದನ್ನು ತರಗತಿಯಲ್ಲೇ ಪ್ರಶ್ನೆಯಾಗಿ ಇಡುತ್ತಿದ್ದೇನೆ’ ಅಂತ ಬರೆದು, ಫೋನಿನಲ್ಲಿ ಮಾತಾಡಲು ಸಮಯ ಕೇಳಿ.

ಈ ಪಾಠ ಮಾಡಲು ನಿಮಗಿರುವ ಅಧಿಕಾರದ ಪ್ರಶ್ನೆ. ಭಾರತದಿಂದ ಬಂದ ಭಗತ್ ಸಿಂಗ್ ಥಿಂದ್ ಎಂಬುವರು ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದವರು. ಅವರ ಪೌರತ್ವದ ಪ್ರಶ್ನೆ 1923ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂತು. ನೀವು ‘ಬಿಳಿಯ’ರಲ್ಲ, ಹಾಗಾಗಿ ಪೌರರಾಗಲಾರಿರಿ ಅಂತ ತೀರ್ಪು ಬಂತು. ಭಾರತೀಯರಿಗೆ ಆ ಬಾಗಿಲು ತೆರೆದದ್ದು 1946ರಲ್ಲಿ. ಜಾಸ್ತಿ ಜನ ಬರುವಂತಾದದ್ದು 1965ರ ವಲಸೆ ಕಾನೂನಿನಿಂದ, ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟ ಗಾಳಿಯ ದಿಕ್ಕನ್ನೇ ಬದಲಿಸಿದ ಹೊತ್ತಿನಲ್ಲಿ. ನೀವು ಆ ಕಥೆಯ ಹೊರಗಿನವರೇನಲ್ಲ. ಆದರೆ ಎಚ್ಚರ, ‘ನಮಗೂ ಹೀಗೇ ಆಗಿತ್ತು’ ಅಂತ ಹೇಳಲು ಇದನ್ನು ಬಳಸಬೇಡಿ. ಟಾಮ್‌ನ ಕಥೆ ಕೇಳುತ್ತಿರುವಾಗ ಅದು ಮಾತನ್ನು ನಿಮ್ಮ ಕಡೆ ತಿರುಗಿಸುತ್ತದೆ. ಯಾರು ‘ಬಿಳಿ’ ಅಂತ ಕೋರ್ಟುಗಳು ಕೂತು ತೀರ್ಮಾನಿಸುತ್ತಿದ್ದವು ಅನ್ನುವುದಕ್ಕೆ ಉದಾಹರಣೆಯಾಗಿ ಮಾತ್ರ ತನ್ನಿ.

ಸಿನಿಮಾ 1962ರದ್ದು, ಚೆನ್ನಾಗಿದೆ, ಗ್ರೆಗರಿ ಪೆಕ್ ಆಸ್ಕರ್ ಗೆದ್ದದ್ದು ಅದಕ್ಕೇ. ಆದರೆ ಅದು ಇನ್ನೂ ಜಾಸ್ತಿ ಆಟಿಕಸ್‌ನ ಕಥೆ. ಕ್ಯಾಲ್ಪರ್ನಿಯಾ ಮಕ್ಕಳನ್ನು ತನ್ನ ಚರ್ಚಿಗೆ ಕರೆದೊಯ್ಯುವುದು, ಹೆಲೆನ್‌ಗಾಗಿ ಹತ್ತು ಡಾಲರ್ ಕೂಡುವ ತನಕ ಸೈಕ್ಸ್ ಬಾಗಿಲು ಹಾಕಿಸಿ ಯಾರನ್ನೂ ಬಿಡದಿರುವುದು, ಮಿಸ್ ಗೇಟ್ಸ್ ತರಗತಿ, ಇವು ಯಾವುವೂ ಅದರಲ್ಲಿಲ್ಲ. ಪೂರ್ತಿ ತೋರಿಸಿದರೆ ಎರಡು ಗಂಟೆಗೂ ಜಾಸ್ತಿ ಹೋಗುತ್ತದೆ. ಪುಸ್ತಕ ಮುಗಿದ ಮೇಲೆ ಕೋರ್ಟಿನ ಭಾಗ ಮಾತ್ರ ಹಾಕಿ, ಏನೇನು ಬಿಟ್ಟಿದ್ದಾರೆ ಅಂತ ಹುಡುಕಲು ಹೇಳಿ. ಉಳಿದ ಪೀರಿಯಡ್‌ಗಳನ್ನು ಕ್ಯಾಸಿಗೆ ಕೊಡಿ.